ದತ್ತು ಮನೆ ಸಿಗುವವರೆಗೆ ಗೋಲ್ಡನ್ ರಿಟ್ರೀವರ್ ಸಾಕುವುದು: ನಂಬಿಕೆಗಳೇನು, ವಾಸ್ತವವೇನು?

ಗೋಲ್ಡನ್ ರಿಟ್ರೀವರ್ ಎಂದ ಕೂಡಲೇ ಜಾಹೀರಾತುಗಳಲ್ಲಿ ಮಕ್ಕಳ ಜೊತೆ ಆಡುವ ಹೊಂಬಣ್ಣದ ನಾಯಿ ನೆನಪಾಗುತ್ತದೆ. ಅದೇ ತಳಿಯ ನಾಯಿ ಕೂದಲು ಗಂಟುಗಟ್ಟಿ, ಕಿವಿಯ ತುಂಬ ಉಣ್ಣಿ ಹತ್ತಿ, ಹೆದ್ದಾರಿಯ ಡಾಬಾ ಹಿಂದೆ ಸಿಗುವುದೂ ಉಂಟು. ಹೀಗೆ ಸಿಕ್ಕ ನಾಯಿಗೆ ಶಾಶ್ವತ ಮನೆ ಹುಡುಕಲು ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದನ್ನು ಯಾರಾದರೂ ಮನೆಯಲ್ಲಿ ಇಟ್ಟುಕೊಳ್ಳಬೇಕಲ್ಲ? ಅದೇ ತಾತ್ಕಾಲಿಕ ಪಾಲನೆ. ನಗರಗಳ ಪ್ರಾಣಿಪ್ರಿಯರು ಇದನ್ನು ಫಾಸ್ಟರಿಂಗ್ ಎನ್ನುತ್ತಾರೆ.

ರೋಣ–ಗಜೇಂದ್ರಗಡ ಭಾಗದ ಲಕ್ಕಲಕಟ್ಟಿಯಂಥ ಊರಿನಲ್ಲಿ ಒಂದು ಮನೆಯವರು ಇಂಥ ನಾಯಿಯನ್ನು ಇಟ್ಟುಕೊಳ್ಳಲು ಒಪ್ಪಿದ್ದಾರೆ ಎಂದುಕೊಳ್ಳಿ. 'ಈ ಬಿಸಿಲಿಗೆ ಕೂದಲು ಬೋಳಿಸಿಬಿಡಿ', 'ರೊಟ್ಟಿ ಹಾಲು ಹಾಕಿದರೆ ಸಾಕು', 'ಈ ಜಾತಿ ಕಚ್ಚೋದೇ ಇಲ್ಲ', 'ತಿಂಗಳು ಇಟ್ಟುಕೊಂಡು ಕೊಟ್ಟರೆ ಪಾಪ ಸುತ್ತಿಕೊಳ್ಳುತ್ತೆ' ಎಂದು ಸಲಹೆಗಳು ಬರತೊಡಗುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಅಪಾಯಕಾರಿ ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ತಾತ್ಕಾಲಿಕ ಪಾಲನೆ ಎಂದರೇನು?

ನಾಯಿಯ ಹೊಣೆ ಒಂದು ರಕ್ಷಣಾ ಸಂಸ್ಥೆಯ ಮೇಲೋ ಅದನ್ನು ಕಾಪಾಡಿದವರ ಮೇಲೋ ಇರುತ್ತದೆ. ಅದು ಇರುವುದು ಮಾತ್ರ ಪಾಲಕರ ಮನೆಯಲ್ಲಿ. ಊಟ, ಆರೈಕೆ, ಔಷಧಿ ಹಾಕುವುದು ಪಾಲಕರ ಕೆಲಸ. ಚಿಕಿತ್ಸೆಯ ಖರ್ಚು ಯಾರದು, ದತ್ತು ಕೊಡುವ ತೀರ್ಮಾನ ಯಾರದು ಎಂಬುದನ್ನು ಮೊದಲ ದಿನವೇ ಮಾತಾಡಿ, ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ರಾಜ್ಯದಲ್ಲಿ ಈ ಕೆಲಸ ಹೊಸದಲ್ಲ. 1991ರಲ್ಲಿ ಕ್ರಿಸ್ಟಲ್ ರಾಜರ್ಸ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಕ್ಯೂಪಾ ಸಂಸ್ಥೆಯು ಮಾಲೀಕರು ಕೈಬಿಟ್ಟ ತಳಿ ನಾಯಿಗಳಿಗೆಂದೇ 'ಸೆಕೆಂಡ್ ಚಾನ್ಸ್' ಎಂಬ ದತ್ತು ಕೇಂದ್ರವನ್ನು ನಡೆಸಿಕೊಂಡು ಬಂದಿದೆ. ತಳಿ ನಾಯಿಗಳಿಗಾಗಿ ಪ್ರತ್ಯೇಕ ಕೇಂದ್ರ ಬೇಕಾಯಿತು ಎಂಬುದೇ ಸಮಸ್ಯೆಯ ಗಾತ್ರವನ್ನು ಹೇಳುತ್ತದೆ.

ಆಶ್ರಯಧಾಮ ಇರುವಾಗ ಮನೆಯೇ ಏಕೆ ಬೇಕು? ಅಮೆರಿಕದ ಐದು ಆಶ್ರಯಧಾಮಗಳ 207 ನಾಯಿಗಳ ಮೇಲೆ ನಡೆಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಈ ನಾಯಿಗಳನ್ನು ಒಂದೆರಡು ರಾತ್ರಿ ಮನೆಗಳಿಗೆ ಕಳಿಸಿ, ಅವುಗಳ ಮೂತ್ರದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಪ್ರಮಾಣವನ್ನು ಅಳೆಯಲಾಯಿತು. ಮನೆಯಲ್ಲಿದ್ದಾಗ ಅದು ಇಳಿದಿತ್ತು. ಮರಳಿ ಆಶ್ರಯಧಾಮಕ್ಕೆ ಬಂದಾಗ ಮೊದಲಿನ ಮಟ್ಟಕ್ಕೆ ಏರಿತು. ನಾಯಿಗಳು ಎಡೆಬಿಡದೆ ಹೆಚ್ಚು ಹೊತ್ತು ನಿದ್ದೆ ಮಾಡಿದ್ದೂ ಮನೆಯಲ್ಲಿದ್ದಾಗಲೇ.

ಇಷ್ಟು ದುಬಾರಿ ನಾಯಿ ಬೀದಿಗೆ ಬರುವುದು ಹೇಗೆ?

ಉತ್ತರ ಈ ತಳಿಯ ಹುಟ್ಟಿನಲ್ಲೇ ಇದೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಗಿಸಾಕನ್ ಎಂಬ ಎಸ್ಟೇಟಿನಲ್ಲಿ ಡಡ್ಲಿ ಮಾರ್ಜರಿಬ್ಯಾಂಕ್ಸ್ ಎಂಬ ಶ್ರೀಮಂತ, ಮುಂದೆ ಲಾರ್ಡ್ ಟ್ವೀಡ್‌ಮೌತ್ ಎಂದು ಹೆಸರಾದವನು, 1868ರಲ್ಲಿ 'ನೂಸ್' ಎಂಬ ಹಳದಿ ರಿಟ್ರೀವರ್ ಗಂಡನ್ನು 'ಬೆಲ್' ಎಂಬ ಟ್ವೀಡ್ ವಾಟರ್ ಸ್ಪ್ಯಾನಿಯೆಲ್ ಹೆಣ್ಣಿನೊಂದಿಗೆ ಕೂಡಿಸಿದ. ಗುಂಡಿಗೆ ಸಿಕ್ಕಿ ತಣ್ಣನೆಯ ನೀರಿಗೆ ಬಿದ್ದ ಹಕ್ಕಿಯನ್ನು ಈಜಿ ಹೋಗಿ ಕಚ್ಚಿ ತರುವುದು ಇವುಗಳ ಕೆಲಸವಾಗಿತ್ತು. ದಿನವಿಡೀ ಮನುಷ್ಯನ ಜೊತೆ ಓಡಾಡುವ ಹುರುಪು, ಸದಾ ಬಾಯಲ್ಲಿ ಏನನ್ನಾದರೂ ಹಿಡಿದುಕೊಳ್ಳುವ ಚಪಲ, ಚಳಿ ತಡೆಯುವ ಎರಡು ಪದರದ ತುಪ್ಪಳ, ಈ ಮೂರೂ ಆ ಕೆಲಸದಿಂದ ಬಂದವು.

ಮರಿಯಾಗಿದ್ದಾಗ ಕೈಯಲ್ಲಿ ಹಿಡಿಯುವಷ್ಟಿದ್ದ ಇದು ವರ್ಷದೊಳಗೆ 25ರಿಂದ 34 ಕಿಲೋ ತೂಗುವ ನಾಯಿಯಾಗುತ್ತದೆ. ಮನೆ ತುಂಬ ಕೂದಲು ಉದುರಿಸುತ್ತದೆ. ಓಡಾಟ ಸಾಲದಿದ್ದರೆ ಚಪ್ಪಲಿ, ಹಾಸಿಗೆ ಎಲ್ಲವನ್ನೂ ಕಡಿಯುತ್ತದೆ. ಸೊಂಟದ ಕೀಲಿನ ದೋಷ, ಚರ್ಮದ ಅಲರ್ಜಿ, ಕಿವಿಯ ಸೋಂಕು, ಕ್ಯಾನ್ಸರ್ ಈ ತಳಿಯಲ್ಲಿ ಹೆಚ್ಚು. ಈ ತಳಿಗೆ ಕ್ಯಾನ್ಸರ್ ಏಕೆ ಇಷ್ಟು ಬರುತ್ತದೆ ಎಂದು ತಿಳಿಯಲು ಅಮೆರಿಕದ ಮಾರಿಸ್ ಅನಿಮಲ್ ಫೌಂಡೇಶನ್ 2012ರಿಂದ ಮೂರು ಸಾವಿರಕ್ಕೂ ಹೆಚ್ಚು ಗೋಲ್ಡನ್‌ಗಳನ್ನು ಜೀವಮಾನವಿಡೀ ಗಮನಿಸುವ ಅಧ್ಯಯನ ನಡೆಸುತ್ತಿದೆ. 'ಯಾರು ಬೇಕಾದರೂ ಸಾಕಬಹುದಾದ ಸಾಧು ನಾಯಿ' ಎಂಬ ಮಾತನ್ನು ನಂಬಿ ತಂದವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಮರಿ ಹಾಕಿಸಿ ಮಾರುವವರು ವಯಸ್ಸಾದ ಹೆಣ್ಣು ನಾಯಿಗಳನ್ನು ಕೈಬಿಡುವುದೂ ಇದೆ.

ಕಾನೂನು ಸುಮ್ಮನಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ವಿನಾಕಾರಣ ತೊರೆಯುವುದು ಅಪರಾಧ. ಆದರೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಮೊದಲ ಪ್ರಶ್ನೆ: ಬಿಟ್ಟ ನಾಯಿಯೇ, ಕಳೆದುಹೋದ ನಾಯಿಯೇ?

ತಳಿ ನಾಯಿ ಒಂಟಿಯಾಗಿ ಸಿಕ್ಕಿದೆ ಎಂದ ಮಾತ್ರಕ್ಕೆ ಅದನ್ನು ಯಾರೋ ಬಿಟ್ಟುಹೋಗಿದ್ದಾರೆ ಎಂದಲ್ಲ. ಪಟಾಕಿ ಸದ್ದಿಗೋ ಗುಡುಗಿಗೋ ಬೆದರಿ ಓಡಿಬಂದಿರಬಹುದು. ಆದ್ದರಿಂದ ದತ್ತು ಎಂಬ ಮಾತು ಎತ್ತುವ ಮೊದಲು ಮಾಲೀಕರನ್ನು ಹುಡುಕಬೇಕು. ಹತ್ತಿರದ ಪಶು ಆಸ್ಪತ್ರೆ, ಗ್ರಾಮ ಪಂಚಾಯಿತಿ, ಪೊಲೀಸ್ ಠಾಣೆಗೆ ತಿಳಿಸಿ. ಕೆಲವು ನಾಯಿಗಳ ಹೆಗಲ ಬಳಿ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಇರುತ್ತದೆ. ಸ್ಕ್ಯಾನರ್ ಇರುವ ನಗರದ ಪಶುವೈದ್ಯರಲ್ಲಿ ಅದರ 15 ಅಂಕಿಗಳ ಸಂಖ್ಯೆ ಓದಿಸಬಹುದು.

'ನನ್ನದೇ ನಾಯಿ' ಎಂದು ಯಾರಾದರೂ ಬಂದರೆ ಹಳೆಯ ಫೋಟೊ, ಲಸಿಕೆ ಕಾರ್ಡು ಕೇಳಿ. ನೀವು ಪ್ರಕಟಿಸುವ ಫೋಟೊದಲ್ಲಿ ನಾಯಿಯ ಒಂದು ಗುರುತನ್ನು, ಉದಾಹರಣೆಗೆ ಹೊಟ್ಟೆಯ ಮೇಲಿನ ಹಳೆ ಗಾಯದ ಕಲೆಯನ್ನು, ತೋರಿಸದೆ ಇಟ್ಟುಕೊಳ್ಳಿ. ನಿಜವಾದ ಮಾಲೀಕರು ಅದನ್ನು ಹೇಳಬಲ್ಲರು.

ಮೊದಲ ಎರಡು ವಾರ: ಸ್ನಾನಕ್ಕಿಂತ ಮೊದಲು ವೈದ್ಯರು

ಮನೆಗೆ ಬಂದ ಕೂಡಲೇ ಸೋಪು ಹಾಕಿ ತಿಕ್ಕಿ ತೊಳೆಯಬೇಕು ಅನ್ನಿಸುವುದು ಸಹಜ. ಆದರೆ ಹೆದರಿದ, ನೋವಿರುವ ನಾಯಿಗೆ ಸ್ನಾನ ಇನ್ನೊಂದು ಆಘಾತ. ಗಂಟುಗಟ್ಟಿದ ಕೂದಲಿನ ಅಡಿಯಲ್ಲಿ ಹುಳುಬಿದ್ದ ಗಾಯ ಇರಬಹುದು. ಮೊದಲು ಪಶುವೈದ್ಯರ ಬಳಿ ಒಯ್ಯಿರಿ. ಒಯ್ಯಲು ಆಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ಘಟಕದ ಸಹಾಯವಾಣಿ 1962ಕ್ಕೆ ಕರೆಮಾಡಿ ವಿಚಾರಿಸಬಹುದು.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಸುಮಾರು ಎರಡು ವಾರ ಹೊಸ ನಾಯಿಯನ್ನು ಪ್ರತ್ಯೇಕವಾಗಿಡಿ. ಪಾರ್ವೊ, ಡಿಸ್ಟೆಂಪರ್‌ನಂಥ ವೈರಸ್ ರೋಗಗಳು ಲಕ್ಷಣ ತೋರಿಸಲು ಕೆಲವು ದಿನ ಹಿಡಿಯುತ್ತವೆ. ಊಟದ ತಟ್ಟೆ, ಹಾಸಿಗೆ ಬೇರೆಯೇ ಇರಲಿ. ಅದರ ಮಲವನ್ನು ದಿನವೂ ಎತ್ತಿ ಹೂಳಿ.

ನಮ್ಮ ಕಡೆ ಮುಖ್ಯವಾಗಿ ನೋಡಬೇಕಾದದ್ದು ಉಣ್ಣಿ ಜ್ವರ. ಕಂದು ಬಣ್ಣದ ನಾಯಿ ಉಣ್ಣಿ ಕಚ್ಚಿದಾಗ ಎರ್ಲಿಕಿಯಾ, ಬಬೇಸಿಯಾ ಎಂಬ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರುತ್ತವೆ. ಜ್ವರ, ಊಟ ಬಿಡುವುದು, ವಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ ಬರುವುದು ಇದರ ಲಕ್ಷಣಗಳು. ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ. ಎರ್ಲಿಕಿಯಾಗೆ ವೈದ್ಯರು ಸಾಮಾನ್ಯವಾಗಿ 28 ದಿನ ಔಷಧಿ ಕೊಡುತ್ತಾರೆ. ವಾರದಲ್ಲಿ ನಾಯಿ ಲವಲವಿಕೆಯಿಂದ ಎದ್ದು ಓಡಾಡಿದರೂ ಅದನ್ನು ನಡುವೆ ನಿಲ್ಲಿಸಬಾರದು.

ಇಲ್ಲೊಂದು ಎಚ್ಚರಿಕೆ ಮುಖ್ಯ. ಹಳ್ಳಿಗಳಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕವನ್ನೇ ನೀರಿಗೆ ಬೆರೆಸಿ ನಾಯಿಯ ಮೈಗೆ ಹಚ್ಚುವವರಿದ್ದಾರೆ. 'ಉಣ್ಣಿ ಪಟಪಟ ಉದುರುತ್ತವೆ' ಎಂಬುದು ನಿಜ. ಆದರೆ ನಾಯಿ ಮೈ ನೆಕ್ಕಿಕೊಂಡಾಗ, ಅಥವಾ ವಿಷ ಚರ್ಮದಿಂದಲೇ ಒಳಹೋದಾಗ, ಜೊಲ್ಲು ಸುರಿದು, ನಡುಕ ಬಂದು, ಸೆಳೆತ ಕಾಣಿಸಿಕೊಂಡು ನಾಯಿ ಸಾಯಬಹುದು. ದನಗಳಿಗೆಂದು ತಂದ ಉಣ್ಣಿ ಔಷಧಿಯನ್ನೂ ಅಂದಾಜಿನ ಮೇಲೆ ಬಳಸಬಾರದು. ಮನುಷ್ಯರ ಜ್ವರದ ಮಾತ್ರೆಗಳಾದ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೂಡ ನಾಯಿಗೆ ವಿಷವಾಗಬಲ್ಲವು.

ಬಿಸಿಲಿಗೆ ಕೂದಲು ಬೋಳಿಸಬೇಕೆ?

ನಾಯಿಗಳು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರು ಗ್ರಂಥಿಗಳು ಕೆಲಸ ಮಾಡುವುದು ಮುಖ್ಯವಾಗಿ ಅಂಗಾಲಿನಲ್ಲಿ. ಅವು ದೇಹದ ಬಿಸಿಯನ್ನು ಹೊರಹಾಕುವುದು ಬಾಯಿ ತೆರೆದು ತೇಕುವುದರಿಂದ. ಬಾಯಿ, ನಾಲಿಗೆ, ಶ್ವಾಸನಾಳದ ತೇವ ಆವಿಯಾದಾಗ ರಕ್ತ ತಂಪಾಗುತ್ತದೆ.

ಗೋಲ್ಡನ್‌ಗೆ ಹೊರಗೆ ಉದ್ದನೆಯ ಕೂದಲು, ಒಳಗೆ ಹತ್ತಿಯಂಥ ಮೆತ್ತನೆಯ ತುಪ್ಪಳ. ಬಿಸಿ ಹಿಡಿದಿಡುವುದು ಈ ಒಳಪದರ, ಅದರಲ್ಲೂ ಉದುರಿದ ಕೂದಲು ಅಲ್ಲೇ ಸಿಕ್ಕಿಕೊಂಡು ಗಂಟಾದಾಗ. ಹೊರಪದರವಾದರೋ ಚರ್ಮಕ್ಕೆ ಬಿಸಿಲು ನೇರವಾಗಿ ಬೀಳದಂತೆ ತಡೆಯುತ್ತದೆ. ಪೂರ್ತಿ ಬೋಳಿಸಿದರೆ ಚರ್ಮ ಸುಡಬಹುದು. ಮತ್ತೆ ಬರುವ ಕೂದಲು ತೇಪೆತೇಪೆಯಾಗಿ, ಮೊದಲಿನಂತಿಲ್ಲದೆ ಬರಬಹುದು. ಆದ್ದರಿಂದ ವಾರಕ್ಕೆ ಮೂರ್ನಾಲ್ಕು ಸಲ ಬಾಚಿ ಸತ್ತ ಒಳಕೂದಲನ್ನು ತೆಗೆಯುವುದೇ ಸರಿಯಾದ ದಾರಿ. ಇದಕ್ಕೊಂದು ಅಪವಾದವಿದೆ. ಬಾಚಲಾರದಷ್ಟು ಗಂಟಾಗಿದ್ದರೆ, ಅಡಿಯಲ್ಲಿ ಗಾಯವಿದ್ದರೆ ವೈದ್ಯರು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಅದು ಚಿಕಿತ್ಸೆ. ಅಂಥ ನಾಯಿಯನ್ನು ಕೂದಲು ಬರುವವರೆಗೆ ನೆರಳಿನಲ್ಲೇ ಇಡಬೇಕು.

ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುವ ಗದಗ ಸೀಮೆಯಲ್ಲಿ ಕೂದಲಿಗಿಂತ ಜಾಗದ ಆಯ್ಕೆ ಮುಖ್ಯ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ. ತೆಳು ಮೈ, ಉದ್ದ ಕಾಲು, ಗಿಡ್ಡ ಕೂದಲು. ಇದು ಈ ನೆಲದಲ್ಲೇ ಬೆಳೆದು ಬಂದ ತಳಿ. ಸ್ಕಾಟ್ಲೆಂಡಿನ ನಾಯಿಗೆ ಆ ಅನುಕೂಲವಿಲ್ಲ. ತಗಡಿನ ಶೆಡ್ಡಿನಲ್ಲಿ ಕಟ್ಟಿಹಾಕಿದರೆ ಅದು ಒಲೆಯೊಳಗೆ ಇಟ್ಟಂತೆ. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆ, ದಪ್ಪ ಮೇಲ್ಛಾವಣಿ ಹಗಲಿನ ಬಿಸಿಯನ್ನು ನಿಧಾನವಾಗಿ ಒಳಬಿಡುತ್ತವೆ. ಪಡಸಾಲೆಯ ತಣ್ಣನೆಯ ನೆಲವೇ ಇಂಥ ನಾಯಿಗೆ ಒಳ್ಳೆಯ ಜಾಗ. ಸುತ್ತಾಟ ಬೆಳಗ್ಗೆ ಬೇಗ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಏಳೆಂಟು ಸೆಕೆಂಡು ಇಡಲಾಗದಿದ್ದರೆ ನಾಯಿಯ ಅಂಗಾಲಿಗೂ ಅದು ಸುಡುವ ರಸ್ತೆಯೇ.

ನಾಯಿಯ ಸಾಮಾನ್ಯ ದೇಹದ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ. ಬಿಸಿಲಿಗೆ ಸಿಕ್ಕು ಅದು 41 ಡಿಗ್ರಿ ದಾಟಿತೆಂದರೆ ಜೀವಕ್ಕೇ ಅಪಾಯ. ವಿಪರೀತ ತೇಕುವುದು, ಕೆಂಪಾದ ವಸಡು, ತೂರಾಡುವುದು, ವಾಂತಿ ಕಂಡರೆ ನೆರಳಿಗೆ ತಂದು ಮೈ ಪೂರ್ತಿ ನೀರು ಸುರಿದು ಫ್ಯಾನ್ ಹಾಕಿ. 'ಬಿಸಿಯಾದ ಮೈಗೆ ತಣ್ಣೀರು ಹಾಕಬಾರದು' ಎಂಬ ಭಯದಿಂದ ಕಾಯುತ್ತ ಕೂರಬೇಡಿ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ ಎಂಬುದೇ ಇಂದಿನ ವೈದ್ಯರ ಸಲಹೆ.

ಮಳೆಗಾಲದ ತೊಂದರೆ ಬೇರೆ. ಎರೆಮಣ್ಣಿನ ಕೆಸರು ಬೆರಳುಗಳ ನಡುವಿನ ಕೂದಲಿಗೆ ಮೆತ್ತಿ ಒಣಗಿದರೆ ಗಟ್ಟಿಯಾಗಿ ಚರ್ಮ ಒಡೆಯುತ್ತದೆ. ಜಾಲಿ ಮುಳ್ಳು, ಹುಲ್ಲಿನ ಚೂಪು ಬೀಜಗಳು ಕಿವಿ, ಕಾಲಿಗೆ ಹೊಕ್ಕುತ್ತವೆ. ಹೊರಗಿನಿಂದ ಬಂದ ಮೇಲೆ ನಾಲ್ಕೂ ಕಾಲು, ಕಿವಿ ನೋಡಿ ಒರೆಸುವುದು ದಿನದ ಕೆಲಸವಾಗಬೇಕು.

ರೊಟ್ಟಿ ಹಾಲು ಸಾಕೆ?

'ನಾಯಿ ಮಾಂಸಾಹಾರಿ, ರೊಟ್ಟಿ ಅದಕ್ಕೆ ಅರಗುವುದಿಲ್ಲ' ಎನ್ನುವವರೂ ಇದ್ದಾರೆ, 'ರೊಟ್ಟಿ ಒಂದೇ ಸಾಕು' ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಮನುಷ್ಯನ ಜೊತೆ ಬದುಕುತ್ತ ಬಂದ ನಾಯಿಗಳಲ್ಲಿ ಪಿಷ್ಟ ಒಡೆಯುವ ಕಿಣ್ವದ ಜೀನ್ ತೋಳಗಳಲ್ಲಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚು ಪ್ರತಿಗಳಲ್ಲಿದೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ತೋರಿಸಿತು. ಜೋಳದ ರೊಟ್ಟಿ ನಾಯಿಗೆ ಅರಗುತ್ತದೆ.

ಆದರೆ ಲೆಕ್ಕ ಹಾಕಿ ನೋಡೋಣ. 30 ಕಿಲೋ ತೂಗುವ ವಯಸ್ಕ ಗೋಲ್ಡನ್‌ಗೆ ದಿನಕ್ಕೆ ಸುಮಾರು 1,400 ಕಿಲೋಕ್ಯಾಲೊರಿ ಬೇಕು. ಸುಮಾರು 400 ಗ್ರಾಂ ಜೋಳದ ಹಿಟ್ಟು ಆ ಶಕ್ತಿಯನ್ನು ಕೊಟ್ಟೀತು. ಆದರೆ ಜೋಳದಲ್ಲಿ ಪ್ರೋಟೀನ್ ಸುಮಾರು 10% ಮಾತ್ರ. ವಯಸ್ಕ ನಾಯಿಯ ಆಹಾರದ ಒಣ ತೂಕದಲ್ಲಿ ಕನಿಷ್ಠ 18% ಪ್ರೋಟೀನ್ ಇರಬೇಕೆಂಬುದು ಅಮೆರಿಕದ ಮಾನದಂಡ. ಬರೀ ರೊಟ್ಟಿ ತಿಂದ ನಾಯಿಯ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಮಾಂಸ ಸೇರಿಸಿ. ಮಾಂಸ ಮಾಡದ ಮನೆಯಾದರೆ ಸಿದ್ಧ ನಾಯಿ ಆಹಾರದ ಜೊತೆ ಮೊಸರು, ಪನೀರ್ ಕೊಡಬಹುದು. ಹಾಲು ಬೆಳೆದ ನಾಯಿಗಳಲ್ಲಿ ಹಲವಕ್ಕೆ ಒಗ್ಗುವುದಿಲ್ಲ, ಭೇದಿಯಾಗುತ್ತದೆ. ಬೇಯಿಸಿದ ಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚಬಹುದು.

ಬಹಳ ದಿನ ಹಸಿದ ನಾಯಿಗೆ ಮೊದಲ ದಿನವೇ ತಟ್ಟೆ ತುಂಬ ಹಾಕುವುದು ಕರುಣೆಯಲ್ಲ. ಉಪವಾಸದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದ ಲವಣಗಳು, ಮುಖ್ಯವಾಗಿ ಫಾಸ್ಫೇಟ್, ಏಕಾಏಕಿ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಟ್ಟು, ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ತನ್ನಿ.

ಕೊಡಲೇಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್. ಈರುಳ್ಳಿ–ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು. ಒಗ್ಗರಣೆ ಹಾಕಿದ ಪಲ್ಯ, ಸಾರು ಉಳಿದರೆ ನಾಯಿಗೆ ಎಂಬ ರೂಢಿಯನ್ನು ಆದ್ದರಿಂದಲೇ ಬಿಡಬೇಕು.

ರೇಬಿಸ್ ಮತ್ತು ಮನೆಯವರ ಆರೋಗ್ಯ

ಲಸಿಕೆಯ ದಾಖಲೆ ಇಲ್ಲದ ನಾಯಿಗೆ ಲಸಿಕೆ ಆಗಿಲ್ಲ ಎಂದೇ ತಿಳಿಯಬೇಕು. ವೈದ್ಯರು ನೋಡಿ ರೇಬಿಸ್ ಲಸಿಕೆ ಹಾಕುತ್ತಾರೆ. ಆದರೆ ನಿಮ್ಮ ಮನೆಗೆ ಬರುವ ಮೊದಲೇ ಅದನ್ನು ಹುಚ್ಚುನಾಯಿ ಕಚ್ಚಿದ್ದರೆ? ನಾಯಿಯಲ್ಲಿ ರೋಗ ಕಾಣಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಮೈಮೇಲೆ ಕಚ್ಚಿದ ಗಾಯವಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಪದೇ ಪದೇ ನಾಯಿಗಳನ್ನು ಪಾಲಿಸುವವರು ಮುಂಚಿತವಾಗಿಯೇ ರೇಬಿಸ್ ಲಸಿಕೆ ತೆಗೆದುಕೊಳ್ಳಬಹುದು.

ನಾಯಿ ಕಚ್ಚಿದರೆ, ಗೀರಿದರೆ ಗಾಯಕ್ಕೆ ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಅಂದೇ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯವೂ ಬೇಡ, ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತು ಬಹಳ ವರ್ಷಗಳಾದವು. ಈಗ ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ತೋಳಿಗೆ ಹಾಕುತ್ತಾರೆ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಕಚ್ಚಿದ ನಾಯಿಯನ್ನು 10 ದಿನ ಗಮನಿಸುವ ಪದ್ಧತಿ ಇದೆ ನಿಜ, ಆದರೆ ಆ ಹತ್ತು ದಿನ ಕಾದು ಆಮೇಲೆ ಲಸಿಕೆ ಎಂದಲ್ಲ. ಲಸಿಕೆ ಅಂದೇ ಶುರುವಾಗಬೇಕು.

'ನಾಯಿ ಕೂದಲು ಹೊಟ್ಟೆಗೆ ಹೋದರೆ ರೋಗ' ಎಂಬ ಹಳೆಯ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕೂದಲು ತಾನಾಗಿ ಏನೂ ಮಾಡುವುದಿಲ್ಲ. ಆದರೆ ಹಸಿ ಮಾಂಸದ ತ್ಯಾಜ್ಯ ತಿಂದ ನಾಯಿಯ ಕರುಳಿನಲ್ಲಿ ಇರಬಹುದಾದ ಒಂದು ಜಾತಿಯ ಲಾಡಿಹುಳುವಿನ ಮೊಟ್ಟೆಗಳು ಅದರ ಮೈಗೆ ಅಂಟಿರಬಹುದು. ಅವು ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳು ಬೆಳೆಯುತ್ತವೆ. ಬಂದ ವಾರದಲ್ಲೇ ಜಂತುಹುಳುವಿನ ಔಷಧಿ, ಮುಟ್ಟಿದ ಮೇಲೆ ಕೈ ತೊಳೆಯುವುದು, ಈ ಎರಡು ಸಾಕು.

ಸ್ವಭಾವ: ಪಾಲಕರು ಮಾತ್ರ ಹೇಳಬಲ್ಲ ಸಂಗತಿ

ನಾಯಿ ಹೊಸ ಮನೆಗೆ ಒಗ್ಗಲು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ನೀವು ಕೇಳಿರಬಹುದು. ಇದು ಅನುಭವದ ಅಂದಾಜು, ಸಂಶೋಧನೆಯ ಫಲಿತಾಂಶವಲ್ಲ. ಆದರೆ ಅದರ ಹಿಂದಿನ ಮಾತು ಉಪಯುಕ್ತ. ಮೊದಲ ದಿನಗಳಲ್ಲಿ ಮೂಲೆಯಲ್ಲಿ ಸುಮ್ಮನೆ ಮಲಗಿದ ನಾಯಿ ಸಾಧು ಎಂದಲ್ಲ, ಹೆದರಿ ಮರಗಟ್ಟಿರಬಹುದು. ಅದರ ನಿಜ ಸ್ವಭಾವ ಹೊರಬರುವುದು ಹೆದರಿಕೆ ಇಳಿದ ಮೇಲೆ.

'ಗೋಲ್ಡನ್ ಕಚ್ಚುವುದಿಲ್ಲ' ಎಂಬುದು ಈ ತಳಿಯ ಬಗೆಗಿನ ಅತಿ ಅಪಾಯಕಾರಿ ನಂಬಿಕೆ. ಕಿವಿಯಲ್ಲಿ ಕೀವು, ಸೊಂಟದಲ್ಲಿ ನೋವು ಇರುವ ಯಾವ ನಾಯಿಯಾದರೂ ಮುಟ್ಟಿದರೆ ಕಚ್ಚಬಹುದು. ಬೀದಿಯಲ್ಲಿ ಹಸಿದದ್ದು ತಟ್ಟೆಯ ಹತ್ತಿರ ಬಂದವರ ಮೇಲೆ ಗುರುಗುಟ್ಟಬಹುದು. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ನಾಯಿ ಮುಂದೆ ಎಚ್ಚರಿಸದೆಯೇ ಕಚ್ಚಲು ಕಲಿಯುತ್ತದೆ. ಊಟ ಮಾಡುವಾಗ, ಮಲಗಿದಾಗ ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನೆರಡು ತಪ್ಪು ಓದುಗಳು:

• ಬಾಲ ಅಲ್ಲಾಡಿಸಿದರೆ ಖುಷಿ. ಯಾವಾಗಲೂ ಅಲ್ಲ. 2007ರಲ್ಲಿ ಇಟಲಿಯ ಸಂಶೋಧಕರು 30 ನಾಯಿಗಳನ್ನು ಗಮನಿಸಿದಾಗ, ಒಡೆಯನನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು ಬಾಗಿತ್ತು, ಅಪರಿಚಿತ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ. ಮೈ ಬಿಗಿಯಾಗಿ, ಬಾಲ ಮೇಲೆತ್ತಿ ಸಣ್ಣಗೆ ಅಲ್ಲಾಡಿಸುತ್ತಿದ್ದರೆ ದೂರ ನಿಲ್ಲಿ.

• ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ. ನಡುಮನೆಯಲ್ಲಿ ಮೂತ್ರ ಮಾಡಿದ ನಾಯಿ ತಲೆ ತಗ್ಗಿಸಿದರೆ ನಾವು ಹೀಗೆನ್ನುತ್ತೇವೆ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಆ 'ಅಪರಾಧಿ ಮುಖ' ತಪ್ಪು ಮಾಡಿದ್ದಕ್ಕಲ್ಲ, ಒಡೆಯರು ಗದರಿದ್ದಕ್ಕೆ ಬರುತ್ತಿತ್ತು. ಏನೂ ತಪ್ಪು ಮಾಡದ ನಾಯಿಗಳೂ ಗದರಿದಾಗ ಹಾಗೇ ಮುಖ ಮಾಡಿದ್ದವು.

ಹಾಗಾದರೆ ಪಾಲಕರು ಏನು ಮಾಡಬೇಕು? ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂಟಿಯಾಗಿ ಬಿಟ್ಟರೆ ಎಷ್ಟು ಹೊತ್ತು ಸುಮ್ಮನಿರುತ್ತದೆ, ಬೆಕ್ಕು, ಕೋಳಿ, ಕರುವನ್ನು ಕಂಡರೆ ಏನು ಮಾಡುತ್ತದೆ, ಟ್ರ್ಯಾಕ್ಟರ್ ಸದ್ದಿಗೆ ಹೆದರುತ್ತದೆಯೇ, ಎಲ್ಲಿ ಮುಟ್ಟಿದರೆ ಮೈ ಹಿಂಡುತ್ತದೆ, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತದೆ, ಮೆಟ್ಟಿಲು ಹತ್ತಲು ಕುಂಟುತ್ತದೆಯೇ ಎಂಬುದನ್ನು ದಿನಾಂಕ ಹಾಕಿ ಬರೆಯಿರಿ. ಆಶ್ರಯಧಾಮದ ಗೂಡಿನಲ್ಲಿ ಇವು ಯಾವುವೂ ತಿಳಿಯುವುದಿಲ್ಲ. ದತ್ತು ಪಡೆಯುವವರಿಗೆ ಚೆಂದದ ಫೋಟೊಗಿಂತ ಈ ನಾಲ್ಕು ಪುಟಗಳೇ ಹೆಚ್ಚು ಉಪಯೋಗ. ಏಕೆಂದರೆ ಈ ನಾಯಿ ಮೊದಲ ಸಲ ಮನೆ ಕಳೆದುಕೊಂಡದ್ದೇ ತಂದವರಿಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ ಇರಬಹುದು.

ಯಾರಿಗೆ ಕೊಡಬೇಕು?

ಸುದ್ದಿ ಹಬ್ಬಿದ ಕೂಡಲೇ ಗೋಲ್ಡನ್‌ಗೆ ಬೇಡಿಕೆ ಬರುತ್ತದೆ. ಅದೇ ತೊಂದರೆ. 'ಹೆಣ್ಣೇ? ಮರಿ ಹಾಕುತ್ತದೆಯೇ?' ಎಂಬುದು ಮೊದಲ ಪ್ರಶ್ನೆಯಾದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚಿನ ರಕ್ಷಣಾ ಸಂಸ್ಥೆಗಳು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ದತ್ತು ಕೊಡುವುದು ಇದಕ್ಕಾಗಿ. ನಾಯಿ ವರ್ಷದೊಳಗಿನದಾದರೆ ಸಮಯದ ಬಗ್ಗೆ ವೈದ್ಯರನ್ನು ಕೇಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 759 ಗೋಲ್ಡನ್‌ಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷ ತುಂಬುವ ಮೊದಲೇ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಸೊಂಟದ ಕೀಲಿನ ದೋಷ ಎರಡು ಪಟ್ಟು ಕಂಡುಬಂದಿತ್ತು.

ದತ್ತು ಕೇಳುವವರ ಮನೆ ನೋಡಿ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ನಾಯಿ ಎಲ್ಲಿರುತ್ತದೆ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಚಿಕಿತ್ಸೆಯ ಖರ್ಚು ತಾಳಿಕೊಳ್ಳಬಲ್ಲರೇ ಎಂದು ಕೇಳಿ. ಆಗದಿದ್ದರೆ ಬೇರೆಯವರಿಗೆ ಕೊಡದೆ ನಮಗೇ ಮರಳಿಸಬೇಕು ಎಂಬ ಮಾತನ್ನು ಬರಹದಲ್ಲಿ ಪಡೆಯಿರಿ.

ಕೊಟ್ಟುಬಿಟ್ಟರೆ ಅದರ ಮನಸ್ಸು ಒಡೆಯುವುದಿಲ್ಲವೇ?

ಈ ಒಂದು ಭಯದಿಂದಲೇ ಬಹಳ ಜನ ಪಾಲನೆಗೆ ಹಿಂಜರಿಯುತ್ತಾರೆ. ನಾಯಿ ಮನುಷ್ಯರಿಗೆ ಅಂಟಿಕೊಳ್ಳುತ್ತದೆ, ಬೇರೆ ಮನೆಗೆ ಹೋದಾಗ ಕೆಲವು ದಿನ ಸಪ್ಪಗಿರುತ್ತದೆ, ಊಟ ಕಡಿಮೆ ಮಾಡುತ್ತದೆ. ಇದು ನಿಜ. ಆದರೆ ಒಮ್ಮೆ ಅಂಟಿಕೊಂಡ ನಾಯಿ ಮತ್ತೆ ಯಾರಿಗೂ ಒಗ್ಗುವುದಿಲ್ಲ ಎಂಬುದು ನಿಜವಲ್ಲ. ಹಂಗೇರಿಯ ಸಂಶೋಧಕರು ಆಶ್ರಯಧಾಮದ ವಯಸ್ಕ ನಾಯಿಗಳ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರೊಬ್ಬರು ಮೂರು ಸಲ ಸ್ವಲ್ಪ ಸ್ವಲ್ಪ ಹೊತ್ತು ಕೈಯಾಡಿಸಿ ಜೊತೆಗಿದ್ದಷ್ಟಕ್ಕೇ ನಾಯಿಗಳು ಅವರತ್ತ ಅಂಟಿಕೆಯ ಲಕ್ಷಣ ತೋರಿಸತೊಡಗಿದವು. ಹೊಸ ಸಂಬಂಧ ಬೆಳೆಸುವ ಶಕ್ತಿ ಬೆಳೆದ ನಾಯಿಯಲ್ಲೂ ಉಳಿದಿರುತ್ತದೆ. ನಿಮ್ಮ ಮನೆಯಲ್ಲಿ ಮನುಷ್ಯರ ಮೇಲೆ ನಂಬಿಕೆ ಮರಳಿ ಪಡೆದ ನಾಯಿಗೆ ಮುಂದಿನ ಮನೆ ಸುಲಭವಾಗುತ್ತದೆ.

ಬದಲಾವಣೆಯನ್ನು ಹಗುರ ಮಾಡಲು ಕೆಲವು ಸಣ್ಣ ಕೆಲಸಗಳಿವೆ. ಹೊಸ ಮನೆಯವರು ಒಂದೆರಡು ಸಲ ಬಂದು ನಾಯಿಯನ್ನು ಸುತ್ತಾಡಿಸಲಿ. ಅದು ಮಲಗುತ್ತಿದ್ದ ಚಾದರವನ್ನು ತೊಳೆಯದೆ ಜೊತೆಗೆ ಕಳಿಸಿ, ಪರಿಚಿತ ವಾಸನೆ ಇರಲಿ. ಮೊದಲ ವಾರ ಅದೇ ಊಟ, ಅದೇ ಹೊತ್ತು ಮುಂದುವರಿಯಲಿ. ಗೇಟು ಮುಚ್ಚಿರಲಿ, ಮೊದಲ ವಾರಗಳಲ್ಲಿ ಹಗ್ಗ ಬಿಚ್ಚುವುದು ಬೇಡ, ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ ಇರಲಿ. ಹಳೆಯ ಮನೆ ಹುಡುಕಿಕೊಂಡು ಓಡುವ ಸಾಧ್ಯತೆ ಆಗಲೇ ಹೆಚ್ಚು.

ಕೊಟ್ಟ ಮೇಲೆ ಪಾಲಕರಿಗೂ ಬೇಸರವಾಗುತ್ತದೆ. ಅದನ್ನು ಸಣ್ಣದು ಮಾಡಬೇಕಿಲ್ಲ. ಆದರೆ ಒಂದು ಮನೆಯಲ್ಲಿ ಜಾಗ ತೆರವಾದರೆ ಇನ್ನೊಂದು ನಾಯಿ ಅಲ್ಲಿ ಬಂದು ನಿಲ್ಲಬಹುದು. ನಾಯಿಯ ಜೊತೆ ಆ ನೋಟ್‌ಬುಕ್ಕನ್ನೂ ಹೊಸ ಮನೆಯವರ ಕೈಗೆ ಕೊಡುವುದನ್ನು ಮರೆಯಬೇಡಿ.